ಬೇರು ಬತ್ತದ ಕೇಶನಾಶ

ತಲೆಯ ಹಿಂಬದಿಯಲ್ಲಿ ನಾಣ್ಯದಗಲದ, ನೋವಾಗಲಿ ಹೊಟ್ಟಾಗಲಿ ಇಲ್ಲದ, ನುಣ್ಣನೆಯ ಬೋಳು ತಲೆದೋರಿದಾಗ ಅದನ್ನು ಮೊದಲು ಕಾಣುವವನು ಎಷ್ಟೋ ವೇಳೆ ಕ್ಷೌರಿಕನೇ. ಹುಳ ತಿಂದಿರಬೇಕೆಂದು ಹಿರಿಯರು ಬೆಳ್ಳುಳ್ಳಿಯನ್ನರೆದು ತಿಕ್ಕುವ, ಆಯುರ್ವೇದವು ಇಂದ್ರಲುಪ್ತವೆಂದೂ ಆಧುನಿಕ ವೈದ್ಯರು ಅಲೋಪೇಸಿಯಾ ಏರಿಯೇಟಾ ಎಂದೂ ಹೆಸರಿಸುವ ಈ ವ್ಯಾಧಿ, ನೂರು ಮಂದಿಯಲ್ಲಿ ಸುಮಾರು 2 ಮಂದಿಯನ್ನು ಜೀವಮಾನದಲ್ಲಿ ಒಮ್ಮೆಯಾದರೂ ಕಾಡುವಂಥದು. ಇದರಲ್ಲಿ ಹುಳುವಿನ ಅಪರಾಧವೇನೂ ಇಲ್ಲ. ರೋಗಾಣುಗಳನ್ನು ಸಂಹರಿಸಲೆಂದು ದೇಹವೇ ಪೋಷಿಸಿಕೊಂಡ ರಕ್ಷಣಾವ್ಯವಸ್ಥೆಯೇ ಇಲ್ಲಿ ಕೂದಲಿನ ಬುಡವನ್ನು ಮುತ್ತುತ್ತದೆ.

ದೇಹದ ಜೀವಕೋಶಗಳು ಸಾಮಾನ್ಯವಾಗಿ ತಮ್ಮೊಳಗಿನ ಪ್ರೋಟೀನುಗಳ ತುಣುಕುಗಳನ್ನು ಹೊರಮೈಯಲ್ಲಿ ಧರಿಸಿ, ತಪಾಸಣೆಗೆ ಬರುವ ಟಿ-ಕೋಶಗಳೆಂಬ ಬಿಳಿಯ ರಕ್ತಕಣಗಳಿಗೆ ತೋರಿಸುತ್ತಿರುತ್ತವೆ. ಆದರೆ ಬೆಳೆಯುತ್ತಿರುವ ಕೇಶಮೂಲವು ಅಂಥ ಗುರುತುಗಳನ್ನು ಬಹುಮಟ್ಟಿಗೆ ಅಡಗಿಸಿ, ಸುತ್ತಲೂ ಶಮನಕಾರಿ ದ್ರವ್ಯಗಳನ್ನು ಸ್ರವಿಸುತ್ತ, ಟಿ-ಕೋಶಗಳ ದೃಷ್ಟಿಗೆ ಬೀಳದೆ ನಿಶ್ಚಿಂತವಾಗಿರುತ್ತದೆ. ಆನುವಂಶಿಕ ಪ್ರವೃತ್ತಿಯುಳ್ಳವರಲ್ಲಿ ಯಾವುದೋ ಪ್ರಚೋದನೆಯಿಂದ ಈ ಅಭಯಕ್ಕೆ ಭಂಗ ಬಂದಾಗ ಟಿ-ಕೋಶಗಳು ಜೇನುಹಿಂಡಿನಂತೆ ಕೇಶಮೂಲಕ್ಕೆ ಕವಿಯುತ್ತವೆ. ಅವು ಹೊರಸೂಸುವ ಇಂಟರ್‌ಫೆರಾನ್-ಗಾಮಾ ಎಂಬ ರಾಸಾಯನಿಕ ಸಂದೇಶವು ಕೇಶಮೂಲವನ್ನು ಕೆರಳಿಸಲು, ಅದು ಸ್ರವಿಸುವ ಇಂಟರ್‌ಲ್ಯೂಕಿನ್-15 ಎಂಬ ಇನ್ನೊಂದು ಸಂದೇಶವು ಟಿ-ಕೋಶಗಳನ್ನೇ ಮತ್ತಷ್ಟು ಉದ್ರೇಕಿಸಿ, ಕಲಹವು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತ ಹೋಗುತ್ತದೆ.

ಬೋಳಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ, ತುದಿಯಲ್ಲಿ ದಪ್ಪಗಿದ್ದು ಬುಡದತ್ತ ಸಪುರವಾಗುವ, ಆಶ್ಚರ್ಯಸೂಚಕ ಚಿಹ್ನೆಯನ್ನು ಹೋಲುವ ತುಂಡುಗೂದಲುಗಳು ಕಾಣುವುದುಂಟು; ಕೆಲವರ ಉಗುರುಗಳ ಮೇಲೆ ಸೂಜಿಮೊನೆ ಚುಚ್ಚಿದಂತಹ ಕುಳಿಗಳೂ ಮೂಡುತ್ತವೆ. ಕಪ್ಪು ಕೂದಲು ಉದುರಿದ ಜಾಗದಲ್ಲಿ ನರೆಗೂದಲು ಮಾತ್ರ ಉಳಿಯುವುದೂ ಉಂಟಾದ್ದರಿಂದ, ಆಕ್ರಮಣದ ಗುರಿಗೂ ಕೂದಲಿನ ವರ್ಣಕ್ಕೂ ಸಂಬಂಧವಿರಬಹುದೆಂದು ವಿಜ್ಞಾನಿಗಳು ಊಹಿಸಿದ್ದಾರೆ.

ಇಷ್ಟಾದರೂ, ಹೊಸ ಕೂದಲನ್ನು ಹುಟ್ಟಿಸುವ ಆಕರಕೋಶಗಳು ಕೇಶಕೂಪದ ಮೇಲ್ಭಾಗದಲ್ಲಿದ್ದು, ಆಕ್ರಮಣವು ಮುಖ್ಯವಾಗಿ ಕೆಳಗಿನ ಗಡ್ಡೆಯ ಮೇಲೆ ಬೀಳುವುದರಿಂದ, ಬೇರು ನಾಶವಾಗುವುದಿಲ್ಲ. ಆದುದರಿಂದಲೇ ಸಣ್ಣ ಬೋಳುಗಳಲ್ಲಿ ಚಿಕಿತ್ಸೆಯಿಲ್ಲದೆಯೂ, ಮೊದಲು ಬೆಳ್ಳಗೆ ಅನಂತರ ಕಪ್ಪಗೆ, ಕೂದಲು ಮರಳುವುದು ಸಾಮಾನ್ಯ. ಮೈಯೆಲ್ಲ ಕೂದಲು ಕಳೆದುಕೊಂಡವರಲ್ಲಿಯೂ ಮರುಹುಟ್ಟಿನ ಸಾಧ್ಯತೆ ಪೂರ್ಣವಾಗಿ ಅಳಿಯದು.

ಬೋಳಿನೊಳಕ್ಕೇ ಸ್ಟೀರಾಯ್ಡ್ ಚುಚ್ಚುವ ಹಳೆಯ ಕ್ರಮದ ಜೊತೆಗೆ, ಆ ರಾಸಾಯನಿಕ ಸಂದೇಶಗಳನ್ನು ಕೋಶದೊಳಗೆ ಒಯ್ಯುವ ಜಾನಸ್ ಕೈನೇಸ್ ಎಂಬ ಕಿಣ್ವಗಳನ್ನು ತಡೆಯುವ ಮಾರ್ಗವನ್ನು 2014ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. 2022ರಲ್ಲಿ ಈ ವರ್ಗದ ಬ್ಯಾರಿಸಿಟಿನಿಬ್ ಔಷಧಿಗೆ, ತೀವ್ರ ಸ್ಥಿತಿಯ ವಯಸ್ಕರಿಗಾಗಿ, ಆ ದೇಶದಲ್ಲಿ ಅನುಮತಿ ದೊರೆಯಿತು. ಇದನ್ನು ನಿಲ್ಲಿಸಿದರೆ ರೋಗ ಮರುಕಳಿಸುವುದು ಹೆಚ್ಚು. ರಕ್ಷಣೆಯನ್ನೇ ಕುಗ್ಗಿಸುವ ಔಷಧಿಯಾದ್ದರಿಂದ ಸೋಂಕಿನ ಭಯವೂ ಇದ್ದೇ ಇದೆ. ಆದುದರಿಂದ ಚರ್ಮವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು. ಹಾಗೆಯೇ, ಬಾಚಣಿಗೆಯಿಂದಾಗಲಿ ಸ್ಪರ್ಶದಿಂದಾಗಲಿ ಹರಡದ ಈ ರೋಗದ ನಿಮಿತ್ತ ಯಾವ ಮಗುವನ್ನೂ ತರಗತಿಯಲ್ಲಿ ದೂರ ಕೂರಿಸಬಾರದು.