ಒಂದು ಆಜ್ಞೆ, ಎಂಟು ಲೆಕ್ಕ

ಗಣಕಯಂತ್ರದ ತೆರೆಯ ಮೇಲೆ ಚಲಚ್ಚಿತ್ರವನ್ನು ನೋಡುವವರಿಗೆ ಅದರ ಹಿಂದೆ ನಡೆಯುವ ಲೆಕ್ಕದ ಅಗಾಧತೆ ಗೋಚರಿಸುವುದಿಲ್ಲ. ಒಂದು ಚಿತ್ರದಲ್ಲಿ ಅಡ್ಡಲಾಗಿ 640, ಉದ್ದಕ್ಕೆ 480 ಬಿಂದುಗಳಿವೆಯೆಂದು ಭಾವಿಸೋಣ. ಪ್ರತಿ ಬಿಂದುವಿಗೂ ಕೆಂಪು, ಹಸುರು, ನೀಲಿ ಬಣ್ಣಗಳ ಪ್ರಮಾಣವನ್ನು ಸೂಚಿಸುವ ಮೂರು ಸಂಖ್ಯೆಗಳು ಬೇಕು. ಸೆಕೆಂಡಿಗೆ 25 ಚಿತ್ರಗಳಂತೆ ಎಣಿಸಿದರೆ 2,30,40,000 ಸಂಖ್ಯೆಗಳಾಗುತ್ತವೆ. ಇವನ್ನು ಒಂದೊಂದಾಗಿ ಸಂಸ್ಕರಿಸುವುದು ಹಿಂದಿನ ಪ್ರೊಸೆಸರುಗಳಿಗೆ ಕಷ್ಟಸಾಧ್ಯವಾಗಿತ್ತು.

ಆದರೆ ಈ ಸಂಖ್ಯೆಗಳಲ್ಲಿ ಎರಡು ವಿಶೇಷಗಳುಂಟು. ಮೊದಲನೆಯದಾಗಿ, ಅವು ಚಿಕ್ಕವು. ಪ್ರತಿಯೊಂದೂ 0ಯಿಂದ 255ರ ಒಳಗಿನದಾದುದರಿಂದ 8 ಬಿಟ್ಟುಗಳಲ್ಲಿ ಅಡಗುತ್ತದೆ. ಎರಡನೆಯದಾಗಿ, ಎಲ್ಲಕ್ಕೂ ಮಾಡಬೇಕಾದ ಕ್ರಿಯೆ ಬಹುಮಟ್ಟಿಗೆ ಒಂದೇ. ಇಂಟೆಲ್ ಸಂಸ್ಥೆಯು 1997ರಲ್ಲಿ ಪೆಂಟಿಯಂ ಪ್ರೊಸೆಸರಿಗೆ ಸೇರಿಸಿದ ‘ಎಂಎಂಎಕ್ಸ್’ ಎಂಬ 57 ಆಜ್ಞೆಗಳಿಗೆ ಇದೇ ಆಧಾರ. ಪ್ರೊಸೆಸರು ತಾನು ಲೆಕ್ಕಕ್ಕೆ ತೆಗೆದುಕೊಂಡ ಸಂಖ್ಯೆಯನ್ನು ಇರಿಸಿಕೊಳ್ಳುವ ಪುಟ್ಟ ಉಗ್ರಾಣಕ್ಕೆ ರಿಜಿಸ್ಟರ್ ಎಂದು ಹೆಸರು. 64 ಬಿಟ್ಟುಗಳ ಒಂದು ರಿಜಿಸ್ಟರಿನಲ್ಲಿ ಇಂತಹ ಎಂಟು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿರಿಸಿ, ಒಂದೇ ಆಜ್ಞೆಯಿಂದ ಎಂಟಕ್ಕೂ ಬೇಕಾದುದನ್ನು ಕೂಡಬಹುದು. ಎತ್ತುಗಳು ಒಮ್ಮೆ ನಡೆದರೆ ಕೂರಿಗೆಯು ಹಲವು ಸಾಲುಗಳನ್ನು ಬಿತ್ತುತ್ತದೆಯಷ್ಟೆ, ಇದೂ ಹಾಗೆಯೇ.

ಇಲ್ಲೊಂದು ತೊಡಕುಂಟು. ಮಬ್ಬಾದ ಛಾಯಾಚಿತ್ರವನ್ನು ಬೆಳಗಿಸಲು ಪ್ರತಿ ಸಂಖ್ಯೆಗೂ 100ನ್ನು ಕೂಡಿದೆವೆನ್ನೋಣ. 200 ಇದ್ದುದು 300 ಆಗಬೇಕು. 8 ಬಿಟ್ಟುಗಳಲ್ಲಿ 300 ಹಿಡಿಯದು. ಸಾಮಾನ್ಯ ಸಂಕಲನದಲ್ಲಿ 256 ಬಿಟ್ಟುಹೋಗಿ 44 ಮಾತ್ರ ಉಳಿಯುತ್ತದೆ. ಬೆಳಗಬೇಕಾದ ಮುಖದ ಮೇಲೆ ಕಪ್ಪು ಕಲೆ ಮೂಡುತ್ತದೆ. ಒಂದೊಂದನ್ನೂ ಪರೀಕ್ಷಿಸುತ್ತ ಹೋದರೆ ಗಳಿಸಿದ ವೇಗವೆಲ್ಲ ನಷ್ಟ. ಆದುದರಿಂದ ಮೊತ್ತವು ಮಿತಿಮೀರಿದಾಗ 255ರಲ್ಲಿಯೇ ನಿಲ್ಲುವ ಆಜ್ಞೆಯನ್ನೂ ಒದಗಿಸಿದ್ದಾರೆ. ಪರ್ಯಾಪ್ತ ದ್ರಾವಣದಲ್ಲಿ ಇನ್ನಷ್ಟು ಉಪ್ಪು ಕರಗದಿರುವಂತೆ ಇದನ್ನು ಪರ್ಯಾಪ್ತ ಸಂಕಲನವೆನ್ನಬಹುದು.

ಚಲಚ್ಚಿತ್ರವನ್ನು ಸಂಕೋಚಿಸುವಾಗ, ಹಿಂದಿನ ಚಿತ್ರದ ಯಾವ ಭಾಗವು ಎಲ್ಲಿಗೆ ಸರಿದಿದೆಯೆಂದು ಹುಡುಕಿ, ಬದಲಾದುದನ್ನಷ್ಟೇ ಬರೆದಿಡುತ್ತಾರೆ. ಈ ಹುಡುಕಾಟದಲ್ಲಿ ಎರಡು ಭಾಗಗಳ ವ್ಯತ್ಯಾಸವನ್ನು ಮತ್ತೆ ಮತ್ತೆ ಅಳೆಯಬೇಕು. 1999ರ ಪೆಂಟಿಯಂ 3 ಪ್ರೊಸೆಸರಿನಲ್ಲಿ ಎಂಟು ಜೊತೆ ಸಂಖ್ಯೆಗಳ ವ್ಯತ್ಯಾಸಗಳನ್ನು ಕಂಡು, ಅವುಗಳ ಮೊತ್ತವನ್ನೂ ಕೊಡುವ ಒಂದೇ ಆಜ್ಞೆ ಬಂದಿತು. ಇಂದಿನ ಮೊಬೈಲುಗಳ ಆರ್ಮ್ ಪ್ರೊಸೆಸರುಗಳಲ್ಲಿರುವ ‘ನಿಯಾನ್’ ಆಜ್ಞೆಗಳು 128 ಬಿಟ್ಟುಗಳಲ್ಲಿ ಇಂತಹ 16 ಸಂಖ್ಯೆಗಳನ್ನು ಒಟ್ಟಿಗೆ ನಿರ್ವಹಿಸುತ್ತವೆ.

ಹಾಗೆಂದು ಗಣಕಯಂತ್ರವೇ ಎಂಟು ಪಟ್ಟು ವೇಗಶಾಲಿಯಾಯಿತೆಂದು ತಿಳಿಯಬಾರದು. 100 ಸೆಕೆಂಡುಗಳ ಕೆಲಸದಲ್ಲಿ 60 ಸೆಕೆಂಡುಗಳು ಇಂತಹ ಲೆಕ್ಕಕ್ಕೆ ಸಲ್ಲುವುದಾದರೆ, ಆ ಭಾಗವು 7.5ಕ್ಕೆ ಇಳಿದರೂ ಉಳಿದ 40 ಹಾಗೆಯೇ ಇರುತ್ತದೆ, ಒಟ್ಟು 47.5. ಎಂಟು ಪಟ್ಟಿನ ಆಸೆಗೆ ದೊರೆತುದು ಎರಡು ಪಟ್ಟಿಗಿಂತ ತುಸು ಹೆಚ್ಚು. ಹಿಂದಿನ ಫಲ ತಿಳಿಯದೆ ಮುಂದಿನ ಹೆಜ್ಜೆ ಇಡಲಾಗದ ಲೆಕ್ಕಗಳಿಗಂತೂ ಇವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಹೊಸ ಪ್ರೊಸೆಸರಿಗೆ ಹಣ ತೆರುವ ಮೊದಲು ನಮ್ಮ ಕೆಲಸವು ಯಾವ ಜಾತಿಯದೆಂದು ವಿಚಾರಿಸಿಕೊಳ್ಳುವುದು ಲೇಸು.