ದೊಡ್ಡವರಿಗೊಂದು ವಿಜ್ಞಾನದ ಸಂಜೆ

ಮಕ್ಕಳೊಡನೆ ವಿಜ್ಞಾನದ ವಸ್ತುಸಂಗ್ರಹಾಲಯಕ್ಕೆ ಹೋಗುವ ಗೃಹಸ್ಥರಿಗೆ ಅಲ್ಲಿರುವ ಕೆಲಸವೇನು? ಮಗುವಿನ ಕೈ ಹಿಡಿದುಕೊಳ್ಳುವುದು, ಫಲಕವನ್ನು ಓದಿ ಹೇಳುವುದು, ಹೊತ್ತಾಯಿತೆಂದು ಹೊರಡಿಸುವುದು, ಇಷ್ಟೇ. ಯಂತ್ರದ ಹಿಡಿಯನ್ನು ತಾವೂ ಒಮ್ಮೆ ತಿರುಗಿಸಿ ನೋಡಬೇಕೆಂಬ ಆಸೆ ಹುಟ್ಟಿದರೂ, ಕಂಡವರು ಏನೆಂದಾರೆಂಬ ಸಂಕೋಚವು ಕೈಯನ್ನು ತಡೆಯುವುದು. ಈ ಸಂಕೋಚವನ್ನು ನೀಗಿಸಬಲ್ಲ ಒಂದು ಏರ್ಪಾಡು ಅಮೆರಿಕದಲ್ಲಿ ನಡೆದಿರುವುದು. ಅದನ್ನು ವಾಚಕರಿಗೆ ಇಲ್ಲಿ ನಿವೇದಿಸುತ್ತೇವೆ.

ಆ ದೇಶದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನಸಂಸ್ಥೆಯುಂಟು. ಗುರುವಾರಗಳಂದು ಸಂಜೆ ೬ ಗಂಟೆಯಿಂದ ೧೦ ಗಂಟೆಯವರೆಗೆ, ೧೮ ವರ್ಷ ತುಂಬಿದವರಿಗೆ ಮಾತ್ರ ಅಲ್ಲಿ ಪ್ರವೇಶ. ಈ ಸಂಜೆಗಳಿಗೆ ‘ಆಫ್ಟರ್ ಡಾರ್ಕ್’, ಎಂದರೆ ‘ಕತ್ತಲಾದ ಮೇಲೆ’, ಎಂದು ಹೆಸರು. ಹೆಸರನ್ನೂ ನಿಯಮವನ್ನೂ ಕೇಳಿ ಯಾರೂ ಹುಬ್ಬು ಗಂಟಿಕ್ಕಬೇಕಾದುದಿಲ್ಲ. ಉಪನ್ಯಾಸ, ಪ್ರಯೋಗ, ಚಲನಚಿತ್ರ, ಸಂಗೀತ ಮುಂತಾದುವು ಅಲ್ಲಿಯ ವಿನೋದಗಳು. ಊಟವೂ, ಆ ದೇಶದ ವಾಡಿಕೆಯಂತೆ ಮದ್ಯಪಾನವೂ ಅಲ್ಲಿ ದೊರೆಯುವುದು ನಿಜ; ಆದರೆ ಜನರು ಸುತ್ತುವರಿದು ನಿಲ್ಲುವುದು ವಿಜ್ಞಾನದ ಸಲಕರಣೆಗಳನ್ನೇ.

ಈ ಸಂಸ್ಥೆಯನ್ನು ೧೯೬೯ರಲ್ಲಿ ಸ್ಥಾಪಿಸಿದವರು ಫ್ರಾಂಕ್ ಒಪನ್‌ಹೈಮರ್ ಎಂಬ ಭೌತವಿಜ್ಞಾನಿಗಳು. ಪರಮಾಣು ಬಾಂಬಿನ ನಿರ್ಮಾಣದಿಂದ ಹೆಸರಾದ ರಾಬರ್ಟ್ ಒಪನ್‌ಹೈಮರರ ತಮ್ಮಂದಿರು. ಹಿಂದೊಮ್ಮೆ ಕಮ್ಯೂನಿಸ್ಟ್ ಪಕ್ಷದಲ್ಲಿದ್ದರೆಂಬ ಕಾರಣದಿಂದ ೧೯೪೯ರಲ್ಲಿ ಅವರು ವಿಶ್ವವಿದ್ಯಾನಿಲಯದ ಹುದ್ದೆಯನ್ನು ಬಿಡಬೇಕಾಯಿತು. ಕೊಲೊರಾಡೋ ಪ್ರಾಂತದಲ್ಲಿ ದನ ಸಾಕಿ ಜೀವಿಸಿದರು. ಬಳಿಕ ಅಲ್ಲಿಯೇ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾದರು. ವಸ್ತುಗಳನ್ನು ಮುಟ್ಟಿ, ಬಿಚ್ಚಿ, ನೋಡಿ ಕಲಿಯುವ ಪದ್ಧತಿಯೇ ಅವರಿಗೆ ಪ್ರಿಯವಾಗಿದ್ದಿತು. ಶಾಲೆಯಲ್ಲಿ ಅನುತ್ತೀರ್ಣರಾಗುವವರುಂಟು, ವಸ್ತುಸಂಗ್ರಹಾಲಯದಲ್ಲಿ ಅನುತ್ತೀರ್ಣರಾಗುವವರಿಲ್ಲವೆಂಬುದು ಅವರ ಅಭಿಪ್ರಾಯ. ೧೯೮೫ರಲ್ಲಿ ಅವರು ಕಾಲವಾದರು. ೨೦೧೩ರಲ್ಲಿ ಸಂಸ್ಥೆಯು ಕೊಲ್ಲಿಯ ದಂಡೆಯ ಹಡಗುಕಟ್ಟೆಯೊಂದಕ್ಕೆ ಬಂದಿತು.

ಅಲ್ಲಿಯವರು ರಚಿಸಿದ ಒಂದು ಸಲಕರಣೆ ನಮಗೆ ವಿಶೇಷವಾಗಿ ಹಿಡಿಸಿತು. ಅದು ಕುಡಿಯುವ ನೀರಿನ ಚಿಲುಮೆ. ಆದರೆ ನೀರು ಚಿಮ್ಮುವುದು ಶೌಚಾಲಯದ ಪಿಂಗಾಣಿ ಪಾತ್ರೆಯೊಳಗಿಂದ! ಆ ಪಾತ್ರೆಯನ್ನು ಯಾರೂ ಎಂದೂ ಬಳಸಿದುದಿಲ್ಲ, ನೀರು ಶುದ್ಧವಾದುದು. ಬುದ್ಧಿಯು ಇದನ್ನು ಒಪ್ಪುವುದು. ಆದರೂ ಬಗ್ಗಿ ಒಂದು ಗುಟುಕು ಕುಡಿಯೆಂದರೆ ಮನಸ್ಸು ಹಿಂಜರಿಯುವುದು. ಹೇಸಿಗೆಯ ಭಾವನೆಯು ತಿಳಿವಳಿಕೆಗೆ ಎಷ್ಟು ಕಡಮೆ ಮಣಿಯುವುದೆಂಬುದನ್ನು ಪುಸ್ತಕದಲ್ಲಿ ಓದುವುದು ಬೇರೆ, ಪಾತ್ರೆಯ ಮುಂದೆ ನಿಂತು ಅನುಭವಿಸುವುದು ಬೇರೆ.

ಇಂತಹ ಸ್ಥಳದಿಂದ ಮಕ್ಕಳನ್ನು ಒಂದು ಸಂಜೆಯ ಮಟ್ಟಿಗೆ ದೂರವಿಡುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ಹಗಲೆಲ್ಲ ಅದು ಅವರದೇ ಆಗಿರುವುದಷ್ಟೆ. ಮಗುವು ಬಳಿಯಲ್ಲಿದ್ದರೆ ತಂದೆತಾಯಿಗಳು ಗುರುಗಳಾಗಲೇಬೇಕು. ಕೇಳಿದುದಕ್ಕೆಲ್ಲ ಉತ್ತರ ಹೇಳಬೇಕು. ಮಗುವಿಲ್ಲದಾಗ ‘ನನಗೆ ತಿಳಿಯದು’ ಎಂದು ಹೇಳುವ ಸ್ವಾತಂತ್ರ್ಯವು ಅವರಿಗೆ ಮರಳಿ ದೊರೆಯುವುದು. ಪಕ್ಕದಲ್ಲಿ ನಿಂತವರೂ ಹಿರಿಯರೇ, ಅವರಿಗೂ ತಿಳಿಯದು.

ಓದು ಮುಗಿಯಿತು, ಉದ್ಯೋಗ ದೊರಕಿತು, ಇನ್ನು ಕೇಳುವುದೇನಿದೆ ಎಂದು ನಮ್ಮಲ್ಲಿ ಅನೇಕರು ಮೂವತ್ತಕ್ಕೇ ಪ್ರಶ್ನೆಯ ಬಾಗಿಲನ್ನು ಮುಚ್ಚುವರು. ಹಿರಿಯರು ಪ್ರಶ್ನಿಸುವುದನ್ನು ಎಂದೂ ಕಾಣದ ಮಗುವು, ಪ್ರಶ್ನಿಸುವುದು ಚಿಕ್ಕವರ ಚಾಳಿಯೆಂದೂ, ಬೆಳೆದ ಮೇಲೆ ಬಿಡತಕ್ಕದ್ದೆಂದೂ ತಿಳಿಯುವುದು. ಮುಂದಿನ ಸಲ ಮಕ್ಕಳೊಡನೆ ಇಂತಹ ಸ್ಥಳಕ್ಕೆ ಹೋದಾಗ, ವಾಚಕರು ಮೊದಲು ತಾವೇ ಹಿಡಿಯನ್ನು ತಿರುಗಿಸಿ ನೋಡುವರೆಂದು ನಂಬುತ್ತೇವೆ.