ಬೆಳ್ಳಕ್ಕಿಗೆ ಕವಣೆ ಬೀಸುವ ಮುನ್ನ

ವಿಜಾಪುರ, ಬಾಗಲಕೋಟೆ, ಗದಗಗಳ ಕಡೆಯಿಂದ ಗೋವೆಗೆ ಬಂದು ನೆಲೆಸಿದ ನಮ್ಮ ಜನ ಜೋಳದ ಹೊಲ ಕಾಯ್ದು ಬೆಳೆದವರು. ಮಂಚಿಕೆಯ ಮೇಲೆ ನಿಂತು ಕವಣೆ ಬೀಸುವುದು ನಮ್ಮ ಹುಡುಗರಿಗೂ ಬರುತ್ತದೆ. ಅಲ್ಲಿ ತೆನೆಗೆ ಬಂದ ಹಕ್ಕಿಯನ್ನು ಕಳ್ಳನೆಂದೇ ಎಣಿಸುವುದು ವಾಡಿಕೆ. ಆದರೆ ಅದೇ ರೂಢಿಯನ್ನು ಇಲ್ಲಿಯ ಭತ್ತದ ಗದ್ದೆಗೆ ತಂದರೆ ನಷ್ಟವಾಗುವುದು ಹಕ್ಕಿಗಿಂತ ಹೆಚ್ಚಾಗಿ ನಮಗೇ. ಗದ್ದೆಗಿಳಿಯುವ ಹಕ್ಕಿಗಳಲ್ಲಿ ಕಾಳು ತಿನ್ನುವವು ಕೆಲವೇ. ಉಳಿದವು ಹುಳ, ಏಡಿ, ಇಲಿಗಳ ಬೆನ್ನು ಹತ್ತಿ ಬಂದವು. ಯಾವುದು ಯಾವುದೆಂದು ಗುರುತಿಸಲು ಪುಸ್ತಕ ಬೇಕಾಗಿಲ್ಲ. ಕೊಕ್ಕು ಹೇಗಿದೆ, ಎಲ್ಲಿ ಕುಳಿತಿದೆ, ಕುಳಿತು ಏನು ಮಾಡುತ್ತದೆ ಎಂದು ನೋಡಿದರೆ ಬಹುಮಟ್ಟಿಗೆ ಸಾಕು.

ಬಿಳಿಯ ಹಕ್ಕಿಗಳನ್ನೇ ಮೊದಲು ತೆಗೆದುಕೊಳ್ಳೋಣ. ಎಲ್ಲವನ್ನೂ ನಾವು ಬೆಳ್ಳಕ್ಕಿ ಎಂದುಬಿಡುತ್ತೇವೆ. ಆದರೆ ಅವು ಒಂದೇ ಜಾತಿಯವಲ್ಲ. ದನಗಳ ಕಾಲಬುಡದಲ್ಲಿ, ನೇಗಿಲು ಇಲ್ಲವೆ ಟ್ರ್ಯಾಕ್ಟರಿನ ಹಿಂದೆ ಸಾಲುಗಟ್ಟಿ ನಡೆಯುವುದು ಗೋವಕ್ಕಿ. ಅದರ ಕೊಕ್ಕು ಹಳದಿ. ಮಳೆಗಾಲಕ್ಕೆ ಮರಿ ಮಾಡುವ ಹೊತ್ತಿನಲ್ಲಿ ಅದರ ತಲೆ, ಕುತ್ತಿಗೆ, ಬೆನ್ನುಗಳಿಗೆ ಕಿತ್ತಳೆಯ ಬಣ್ಣ ಏರುತ್ತದೆ. ಆಗ ಅದನ್ನು ಬೇರೆ ಹಕ್ಕಿಯೆಂದು ತಿಳಿಯುವವರೂ ಉಂಟು. ಮಣ್ಣು ಮಗುಚಿದಾಗ, ದನ ಹುಲ್ಲು ತುಳಿದಾಗ ಎದ್ದ ಮಿಡತೆ, ಜೀರುಂಡೆಗಳೇ ಅದರ ಊಟ. ಇನ್ನೊಂದು, ಸಣ್ಣ ಬೆಳ್ಳಕ್ಕಿ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ. ಇದು ನೀರು ಬಿಟ್ಟು ಹೆಚ್ಚು ದೂರ ಹೋಗದು. ಪಾದದಿಂದ ಕೆಸರು ಕದಡಿ, ಮೀನು ಕದಲಿದೊಡನೆ ಚುಚ್ಚುತ್ತದೆ. ಮೂರನೆಯದು ನಮ್ಮನ್ನು ಮೋಸಗೊಳಿಸುವಂಥದು. ಕುಳಿತಾಗ ಬದುವಿನ ಮಣ್ಣಿನ ಬಣ್ಣ, ಹಾರಿದೊಡನೆ ಬೆಳ್ಳಗೆ. ಅದೇ ಕೊಳದ ಬಕ. ಈ ಮೂರರಲ್ಲಿ ಒಂದೂ ಭತ್ತದ ಕಾಳು ಮುಟ್ಟುವುದಿಲ್ಲ. ಕತ್ತಿಯಂಥ ಉದ್ದ ಕೊಕ್ಕಿನಿಂದ ಕಾಳು ಸುಲಿಯಲು ಬರುವುದಾದರೂ ಹೇಗೆ?

ನಮ್ಮ ಕಾರವಾರ, ಕುಮಟೆಗಳ ಕಡೆ ಗಜನಿ ಎನ್ನುವ ಉಪ್ಪುನೀರಿನ ಗದ್ದೆಗೆ ಗೋವೆಯಲ್ಲಿ ಖಾಜನ ಎನ್ನುತ್ತಾರೆ. ಹೊಳೆಯ ಉಬ್ಬರವನ್ನು ತಡೆಯುವ ಬದು, ನೀರು ಬಿಡುವ ಮಾನಸ, ಉಪ್ಪು ತಾಳುವ ಕೊರ್ಗುಟ ಭತ್ತ, ಇವೆಲ್ಲ ಅಲ್ಲಿಯವೇ. ಬದುವಿಗೆ ತೂತು ಕೊರೆಯುವ ಏಡಿ ಅಲ್ಲಿಯ ಒಕ್ಕಲಿಗರ ದೊಡ್ಡ ತಲೆನೋವು. ಆ ಏಡಿಯನ್ನು ಎತ್ತಿಕೊಂಡು ಹೋಗುವ ಗರುಡನನ್ನು ಕೋಳಿಕಳ್ಳನೆಂದು ಹೊಡೆಯುವುದು ತರವಲ್ಲ. ಗರುಡನ ತಲೆ, ಎದೆ ಬಿಳುಪು, ಉಳಿದ ಮೈ ಕೆಮ್ಮಣ್ಣಿನ ಬಣ್ಣ. ಆದರೆ ಅದರ ಮರಿ ಪೂರ್ತಿ ಕಂದು, ಹದ್ದಿನಂತೆಯೇ ಕಾಣುತ್ತದೆ. ಹಾರುವಾಗ ಬಾಲ ನೋಡಿರಿ: ಹದ್ದಿನ ಬಾಲ ಕವಲು, ಗರುಡನದು ದುಂಡಗೆ.

ಹಾಗಾದರೆ ಕಾಳು ತಿನ್ನುವವು ಯಾವವು? ಗಿಡ್ಡ, ದಪ್ಪ, ಮೊನೆಯಾದ ಕೊಕ್ಕಿನವು. ಗುಬ್ಬಿಗಿಂತ ಚಿಕ್ಕದಾದ, ಎದೆಯ ಮೇಲೆ ಮೀನಿನ ಹುರುಪೆಯಂಥ ಗೆರೆಗಳಿರುವ ರಾಟವಾಳ ಹಿಂಡುಹಿಂಡಾಗಿ ತೆನೆಯ ಮೇಲೆಯೇ ಇಳಿಯುತ್ತದೆ. ಗೀಜಗವೂ ಅದೇ ಸಾಲಿನದು. ಆದರೆ ಅದು ತನ್ನ ಮರಿಗಳಿಗೆ ಹುಳ ತಿನ್ನಿಸುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿಯವರು ಕೀರ್ ಎನ್ನುವ ಗಿಳಿ ತಿನ್ನುವುದಕ್ಕಿಂತ ಕತ್ತರಿಸಿ ಕೆಡವುವುದೇ ಹೆಚ್ಚು. ಕಾಯಬೇಕಾದದ್ದು ಇವುಗಳನ್ನು, ಅದೂ ವರ್ಷವಿಡೀ ಅಲ್ಲ. ತೆನೆ ಹಾಲು ತುಂಬಿದಂದಿನಿಂದ ಕೊಯ್ಲಿನವರೆಗೆ. ಸುತ್ತಲಿನವರಿಗಿಂತ ಮೊದಲು ಮಾಗುವ ಒಂಟಿ ಗದ್ದೆಗೆ ಪೆಟ್ಟು ಹೆಚ್ಚು. ಆದುದರಿಂದ ಸರದ್ ಇರಲಿ, ವಾಯಂಗಣ ಇರಲಿ, ನೆರೆಯವರೊಡನೆ ಕೂಡಿ ಒಂದೇ ಹೊತ್ತಿಗೆ ನಾಟಿ ಮಾಡುವುದು ಕವಣೆಗಿಂತ ಒಳ್ಳೆಯ ಕಾವಲು. ಹೊಳೆಯುವ ಪಟ್ಟಿ ಕಟ್ಟುವುದು ಕೆಲ ದಿನ ನಡೆಯುತ್ತದೆ, ಮುಂದೆ ಹಕ್ಕಿಗಳಿಗೆ ಅದರ ಅಂಜಿಕೆ ಉಳಿಯುವುದಿಲ್ಲ.

ತಂತಿಯ ಮೇಲೆ ಒಂಟಿಯಾಗಿ ಕುಳಿತ, ಕವಲು ಬಾಲದ, ಮೈಯೆಲ್ಲ ಕರಿಯ ಕಾಜಾಣವನ್ನು ಎಲ್ಲರೂ ಕಂಡಿದ್ದೀರಿ. ಕಾಗೆ, ಹದ್ದುಗಳನ್ನು ಅಟ್ಟಿ ಓಡಿಸುವ ಗಂಡೆದೆ ಅದರದು. ಹಾರುವ ಹುಳವನ್ನು ಗಾಳಿಯಲ್ಲಿಯೇ ಹಿಡಿದು ಮತ್ತೆ ಅದೇ ಜಾಗಕ್ಕೆ ಬಂದು ಕೂಡುತ್ತದೆ. ಅದಕ್ಕೆ ಕೂಡಲು ನೆಲೆ ಬೇಕು. ನಾಟಿ ಮಾಡಿದ ಮೇಲೆ ಅಡ್ಡಕೋಲು ಕಟ್ಟಿದ ಗೂಟಗಳನ್ನು ಗದ್ದೆಯಲ್ಲಿ ಅಲ್ಲಲ್ಲಿ ನೆಡಿರಿ. ಕಾಳು ಕಟ್ಟುವ ಹೊತ್ತಿಗೆ ಮರೆಯದೆ ಕಿತ್ತುಬಿಡಿರಿ, ಇಲ್ಲವಾದರೆ ಅದೇ ಗೂಟದ ಮೇಲೆ ಕಾಳು ತಿನ್ನುವವು ಬಂದು ಕೂಡುತ್ತವೆ.

ಇನ್ನು ಗೂಬೆ. ಅದರ ಹೆಸರೆತ್ತಿದರೆ ಬಾಗಿಲು ಹಾಕಿಕೊಳ್ಳುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಪಾಳು ಮನೆ, ಹಳೆಯ ಇಗರ್ಜಿಯ ಗೋಪುರಗಳಲ್ಲಿ ಇರುವ, ವೀಳ್ಯದೆಲೆಯ ಆಕಾರದ ಬಿಳಿ ಮುಖದ ಕಣಜಗೂಬೆಯನ್ನು ಕಂಡು ಅಂಜುವ ಬದಲು ಅದು ಕೂಡುವ ಜಾಗದ ಕೆಳಗೆ ಬಿದ್ದಿರುವ ಕಪ್ಪು ಉಂಡೆಗಳನ್ನು ಕಡ್ಡಿಯಿಂದ ಬಿಡಿಸಿ ನೋಡಿರಿ. ಅದು ಜೀರ್ಣವಾಗದೆ ಉಗುಳಿದ್ದು. ಒಳಗೆ ಇಲಿಯ ತಲೆಬುರುಡೆ, ಹಲ್ಲು, ಕೂದಲು ಇರುತ್ತವೆ. ರಾತ್ರಿ ಅದು ಯಾರ ಕೆಲಸ ಮಾಡಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಿಧಾನವಾಗಿ ಕೊಲ್ಲುವ ಇಲಿಪಾಷಾಣವನ್ನು ಬದುವಿನಲ್ಲಿ ಮನಬಂದಂತೆ ಇಟ್ಟರೆ, ವಿಷವುಂಡು ತೂಗಾಡುವ ಇಲಿಯನ್ನು ಹಿಡಿದ ಗೂಬೆಗೂ ಆ ವಿಷ ತಗಲುತ್ತದೆ. ಮುಂದಿನ ಬೆಳೆಗೆ ಇಲಿ ಮತ್ತೆ ಹುಟ್ಟುತ್ತದೆ, ಗೂಬೆ ಮಾತ್ರ ಅಷ್ಟು ಬೇಗ ಮರಳುವುದಿಲ್ಲ. ಬೋನು ಇಡುವುದೇ ಲೇಸು.

ನವಿಲಿನ ಕಾಟ ನಿಜವೇ. 2016ರಲ್ಲಿ ಗೋವೆಯ ಸರಕಾರವೇ ಅದನ್ನು ಉಪದ್ರವಿಯೆಂದು ಸಾರುವ ಮಾತೆತ್ತಿತ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ನವಿಲು ಇದೆ, ಕೊಂದರೆ ಜೈಲು. ಗದ್ದಲ ಮಾಡಿ ಓಡಿಸಬಹುದು, ಅಷ್ಟೇ.

ಗುರುತು ಹಿಡಿಯುವ ಅಭ್ಯಾಸಕ್ಕೆ ಗೋವೆಯಷ್ಟು ಅನುಕೂಲದ ನಾಡು ಅಪರೂಪ. ಹಳೆಯ ಗೋವೆಯ ಹತ್ತಿರದ ಕರಮಳಿ ಕೆರೆಗೆ ಚಳಿಗಾಲದಲ್ಲಿ ಉತ್ತರದಿಂದ ಸೂಜಿಬಾಲದ ಬಾತುಗಳು ಬರುತ್ತವೆ. ಮಾಂಡವಿಯ ನಡುವಿನ ಚೋಡಣ ದ್ವೀಪದಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿನ ಪಕ್ಷಿಧಾಮವಿದೆ. ರಾಯಬಂದರದಿಂದ ಫೆರಿಯಲ್ಲಿ ದಾಟಿ ಹೋಗಬಹುದು. ಮಕ್ಕಳನ್ನು ಕರೆದೊಯ್ಯುವವರು ಇಳಿತದ ವೇಳೆ ಕೇಳಿಕೊಂಡು ಹೊರಡಿರಿ. ನೀರು ಇಳಿದು ಕೆಸರು ತೆರೆದಾಗಲೇ ಹಕ್ಕಿಗಳು ಮೇಯಲು ಹೊರಬರುತ್ತವೆ.